ಒಂಬತ್ತಕ್ಕೆ ಗ್ರೇಸ್ ಮಾರ್ಕ್ಸ್

ಬೀಟಲ್ಸ್ ಎಂಬ ಇಂಗ್ಲಿಷ್ ಬ್ಯಾಂಡಿನ ಹಾಡುಗಾರ ಜಾನ್ ಲೆನನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು. ಮಗ ಶಾನ್ ಹುಟ್ಟಿದ್ದೂ ಅಕ್ಟೋಬರ್ 9ಕ್ಕೇ, 1975ರಲ್ಲಿ. ಮುಂದೆ ಬೀಟಲ್ಸ್ ಮ್ಯಾನೇಜರ್ ಆದ ಬ್ರಯಾನ್ ಎಪ್‌ಸ್ಟೈನ್ ಈ ಹುಡುಗರ ಹಾಡನ್ನು ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್ಬಿನಲ್ಲಿ ಮೊದಲ ಸಲ ಕೇಳಿದ್ದು 1961ರ ನವೆಂಬರ್ 9ರಂದು. ಒಂದು ಅಂಕಿಯ ಹುಚ್ಚು ಹಿಡಿಯಲು ಇಷ್ಟು ಸಾಕಲ್ವಾ? ಲೆನನ್‌ಗೂ ಹಿಡಿಯಿತು. ‘ರೆವಲ್ಯೂಷನ್ 9’ ಎಂದು ಎಂಟು ನಿಮಿಷದ ಗದ್ದಲವೊಂದನ್ನು ಕಟ್ಟಿದರು. ಅದರಲ್ಲಿ ಮತ್ತೆ ಮತ್ತೆ ‘ನಂಬರ್ ನೈನ್’ ಎನ್ನುವ ದನಿ ಸ್ಟುಡಿಯೋದಲ್ಲಿ ಬಿದ್ದಿದ್ದ ಯಾವುದೋ ಪರೀಕ್ಷೆಯ ಟೇಪಿನದು.

ಹಾಡುಗಾರನಿಗೆ ಒಂದು ಹುಚ್ಚು ಇರಲಿ ಬಿಡಿ. ನನ್ನ ತಕರಾರು, ಅವರ ಬದುಕಿನಲ್ಲೆಲ್ಲ ಒಂಬತ್ತೇ ಇದೆ ಎಂದು ಸಾಧಿಸಲು ಪೇಪರ್ ತಿದ್ದುತ್ತಾ ಕೂತ ಅಭಿಮಾನಿ ಮೇಷ್ಟ್ರುಗಳ ಮೇಲೆ. ಇಷ್ಟು ಧಾರಾಳವಾಗಿ ಗ್ರೇಸ್ ಮಾರ್ಕ್ಸ್ ಕೊಡುವ ಮೇಷ್ಟ್ರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ನಾನು ಗಣಿತದಲ್ಲಿ ರ‍್ಯಾಂಕ್ ಬರುತ್ತಿದ್ದೆ.

ಮನೆ ವಿಳಾಸವನ್ನೇ ನೋಡಿ. ಮಗುವಾಗಿದ್ದಾಗ ಲೆನನ್ ಇದ್ದದ್ದು 9, ನ್ಯೂಕ್ಯಾಸಲ್ ರಸ್ತೆ. ಪೂರ್ತಿ ಅಂಕ. ಕೊನೆಗೆ ಇದ್ದದ್ದು ನ್ಯೂಯಾರ್ಕಿನ 72ನೇ ಬೀದಿ. ಏಳೂ ಎರಡೂ ಒಂಬತ್ತು, ಅದಕ್ಕೂ ಪೂರ್ತಿ ಅಂಕ. ಆದರೆ ಹುಡುಗ ಬೆಳೆದದ್ದು, ಗಿಟಾರ್ ಕುಟ್ಟಿದ್ದು, ದೊಡ್ಡಮ್ಮ ಮಿಮಿಯಿಂದ ಬೈಸಿಕೊಂಡದ್ದು ಎಲ್ಲ 251, ಮೆನ್‌ಲವ್ ಅವೆನ್ಯೂದಲ್ಲಿ. ಎರಡು, ಐದು, ಒಂದು. ಎಂಟು! ಆ ಮನೆ ಬಂದಾಗ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾರೆ.

1980ರಲ್ಲಿ ಮನೆ ಬಾಗಿಲಲ್ಲೇ ಗುಂಡು ಹಾರಿಸಿ ಅವರನ್ನು ಕೊಂದರು. ಅಂದು ಡಿಸೆಂಬರ್ 8. ಲೋಕ ಅತ್ತಿತು, ಮೇಷ್ಟ್ರುಗಳು ಗಡಿಯಾರ ನೋಡಿದರು. ನ್ಯೂಯಾರ್ಕಿನಲ್ಲಿ ಎಂಟಾದರೇನು, ಲಿವರ್‌ಪೂಲಿನಲ್ಲಿ ಆಗಲೇ 9ನೇ ತಾರೀಕು ಆಗಿತ್ತಲ್ಲ! ಹಾಗೆ ನೋಡಿದರೆ ಬೆಂಗಳೂರಲ್ಲೂ 9 ಆಗಿತ್ತು. ಸಮಯವೂ ಬೆಳಗ್ಗೆ ಒಂಬತ್ತು ದಾಟಿತ್ತು. ಅವರಿಗೆ ಹೇಳಬೇಡಿ, ವಿಮಾನ ಹತ್ತಿ ಬಂದುಬಿಟ್ಟಾರು.

ಇನ್ನು ಕೂಡುವ ಆಟ. ಒಂಬತ್ತರ ಮಗ್ಗಿ ಕಲಿತ ಯಾವ ಮಗುವಿಗೂ ಗುಟ್ಟು ಗೊತ್ತು. 18, 27, 36, ಎಲ್ಲಾ ಕೂಡಿಸಿದರೆ ಒಂಬತ್ತೇ. ಈ ತಿಂಗಳ ಕರೆಂಟ್ ಬಿಲ್ 1,347 ರೂಪಾಯಿ ಅನ್ನಿ. ಅಂಕಿಗಳ ಮೊತ್ತ 15. ಬಿಲ್ಲಿನಿಂದ ಅದನ್ನು ಕಳೆದರೆ 1,332. ಅದನ್ನು ಕೂಡಿಸಿ, ಒಂಬತ್ತು! ಯಾರ ಮನೆ ಬಿಲ್ಲಾದರೂ ಕೊನೆಗೆ ಅಲ್ಲಿಗೇ ಬರುತ್ತದೆ. ಹಾಗಂತ ಬಿಲ್ ಬರೆದವನು ಲೆನನ್ ಅಭಿಮಾನಿ ಅಂತ ಅರ್ಥವಲ್ಲ.

ಕೂಡಿಸಿ ಆಗದಿದ್ದರೆ ಅಕ್ಷರ ಎಣಿಸುತ್ತಾರೆ. ಲೆನನ್ ಮತ್ತು ಮುಂದೆ ಬೀಟಲ್ಸ್‌ನಲ್ಲಿ ಜೊತೆಗಾರರಾದ ಪಾಲ್ ಮೆಕಾರ್ಟ್ನಿ ಮೊದಲು ಭೇಟಿಯಾದದ್ದು 1957ರ ಜುಲೈ 6ರಂದು. ಆರನ್ನು ತಲೆಕೆಳಗೆ ನಿಲ್ಲಿಸಬಹುದಿತ್ತು. ಆದರೆ ಮೆಕಾರ್ಟ್ನಿ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರ ಸಿಕ್ಕಿತು, ಆರು ಬಚಾವಾಯಿತು. ಕನ್ನಡದಲ್ಲಿ ಬರೆದರೆ ಬರೀ ಮೂರು. ಒತ್ತು, ಕಾಗುಣಿತ ಎಲ್ಲ ಬಿಡಿಸಿ ಸ್ವರ ವ್ಯಂಜನ ಬೇರೆ ಬೇರೆ ಎಣಿಸಿದೆ, ಎಂಟಕ್ಕೆ ನಿಂತಿತು. ವಿಧಿಗೆ ಕನ್ನಡ ಬರುವುದಿಲ್ಲ ಅಂತ ಕಾಣುತ್ತದೆ.

ಈ ಆಟವನ್ನು ಸ್ವತಃ ಲೆನನ್ ಕೂಡ ಆಡಿದ್ದರು. 1969ರಲ್ಲಿ ಯೋಕೊ ಓನೊ ಅವರನ್ನು ಮದುವೆಯಾದ ಮೇಲೆ ತಮ್ಮ ಹೆಸರಿನ ನಡುವಿದ್ದ ವಿನ್‌ಸ್ಟನ್ ತೆಗೆದು ಓನೊ ಸೇರಿಸಲು ಹೊರಟರು. ಆಗ ಇಂಗ್ಲಿಷಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಸೇರಿಸಿದರೆ ‘ಓ’ ಎಂಬ ಅಕ್ಷರ ಒಟ್ಟು ಒಂಬತ್ತು! ಖುಷಿಯೋ ಖುಷಿ. ಆದರೆ ಕಾನೂನು ಜಗ್ಗಲಿಲ್ಲ. ಹೊಸ ಹೆಸರು ಸೇರಿಸಬಹುದು, ಹುಟ್ಟಿದಾಗ ಇಟ್ಟದ್ದನ್ನು ತೆಗೆಯುವಂತಿಲ್ಲ ಎಂದಿತು. ಕಾಗದದ ಮೇಲೆ ವಿನ್‌ಸ್ಟನ್ ಹಾಗೇ ಉಳಿದ. ಅವನ ಹೊಟ್ಟೆಯಲ್ಲೂ ಒಂದು ‘ಓ’ ಇದೆ.

ಈಗ ಎಣಿಸಿ. ಹತ್ತು. ಮೇಷ್ಟ್ರುಗಳು ಆ ಪ್ರಶ್ನೆಯನ್ನು ಸಿಲಬಸ್ಸಿನಿಂದಲೇ ತೆಗೆದಿದ್ದಾರೆ.