ಎಂಜಿನಿಯರಿಂಗ್ ಕಾಲೇಜುಗಳ ತಪಾಸಣೆ: ಯಂತ್ರ ಎಣಿಸುವವರು ಪಾಠವನ್ನೂ ನೋಡಲಿ

ಎಂಜಿನಿಯರಿಂಗ್ ಕಾಲೇಜುಗಳ ಮೇಲೆ ಸರ್ಕಾರದ ನಿಗಾ ಸಾಲದು ಎಂಬ ಮಾತು ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಕೇಳಿಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ರಾಜ್ಯದ ಒಂದು ಖಾಸಗಿ ಕಾಲೇಜು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸಂಯೋಜನೆ, ಕೋರ್ಸುಗಳಿಗೆ ಎನ್‌ಬಿಎ ಮಾನ್ಯತೆ, ಇಡೀ ಸಂಸ್ಥೆಗೆ ನ್ಯಾಕ್ ಶ್ರೇಣಿ ಎಂದು ನಾಲ್ಕು ಕಡೆ ಲೆಕ್ಕ ಒಪ್ಪಿಸುತ್ತದೆ. ನಿಗಾ ಬೇಕಾದಷ್ಟಿದೆ, ಆದರೆ ಅದು ನೋಡಬೇಕಾದ ಕಡೆ ನೋಡುತ್ತಿಲ್ಲ ಎಂಬುದು ಅಧ್ಯಾಪಕ ವೃತ್ತಿಯಲ್ಲಿರುವ ನನ್ನ ತಕರಾರು.

ಇದಕ್ಕೊಂದು ಹಿನ್ನೆಲೆಯಿದೆ. 1945ರಲ್ಲಿ ಕೇವಲ ಸಲಹಾ ಮಂಡಳಿಯಾಗಿ ಹುಟ್ಟಿದ ಎಐಸಿಟಿಇಗೆ ಶಾಸನದ ಬಲ ಬಂದದ್ದು 1987ರ ಕಾಯ್ದೆಯಿಂದ. ಅದು ಖಾಸಗಿ ಕಾಲೇಜುಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದ ಕಾಲ. ಸೀಟಿಗಾಗಿ ಶುಲ್ಕದ ಮೇಲೆ ಹಣ ಕೀಳುವ ಕ್ಯಾಪಿಟೇಷನ್ ಹಾವಳಿಯನ್ನು ತಡೆಯಲು 1984ರಲ್ಲಿ ಕರ್ನಾಟಕವೇ ಪ್ರತ್ಯೇಕ ಕಾನೂನು ಮಾಡಬೇಕಾಗಿ ಬಂದಿತ್ತು. ಸರಿಯಾದ ಕಟ್ಟಡವಿಲ್ಲದೆ, ಉಪಕರಣವಿಲ್ಲದೆ ಶುಲ್ಕ ವಸೂಲಿ ಮಾಡುವವರನ್ನು ಹಿಡಿಯಬೇಕಾದಾಗ ಕಟ್ಟಡವನ್ನೂ ಉಪಕರಣವನ್ನೂ ಎಣಿಸುವುದೇ ಸರಿಯಾದ ದಾರಿಯಾಗಿತ್ತು. ಆ ಕಾಲ ಮುಗಿದರೂ ಎಣಿಕೆ ಮುಗಿಯಲಿಲ್ಲ. ತರಗತಿಗೆ 66 ಚದರ ಮೀಟರ್, ಲ್ಯಾಬಿಗೂ ಅಷ್ಟೇ, ವರ್ಕ್‌ಶಾಪಿಗೆ 200 ಎಂಬಂಥ ಅಳತೆಗಳೇ ಅನುಮೋದನೆಯ ಕೈಪಿಡಿಗಳಲ್ಲಿ ವರ್ಷಾನುಗಟ್ಟಲೆ ರಾಜ್ಯಭಾರ ಮಾಡಿದವು.

ಎಣಿಕೆ ಎಷ್ಟು ಸುಲಭವೋ ಅದನ್ನು ಹೊಂದಿಸುವುದೂ ಅಷ್ಟೇ ಸುಲಭ. ತಮಿಳುನಾಡಿನಲ್ಲಿ ಅಣ್ಣಾ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪೈಕಿ ಹಲವು ಕಡೆ ಒಬ್ಬರೇ ಅಧ್ಯಾಪಕರು ಏಕಕಾಲಕ್ಕೆ ಪೂರ್ಣಾವಧಿ ಸಿಬ್ಬಂದಿಯಾಗಿ ಕಾಣಿಸಿಕೊಂಡಿದ್ದರು ಎಂಬುದು 2024ರಲ್ಲಿ ಬಯಲಾಯಿತು. ಅದನ್ನು ಬಯಲಿಗೆಳೆದದ್ದು ಅರಪ್ಪೋರ್ ಇಯಕ್ಕಂ ಎಂಬ ನಾಗರಿಕ ಸಂಘಟನೆಯೇ ಹೊರತು ತಪಾಸಣಾ ಸಮಿತಿಯಲ್ಲ. ಇನ್ನು ಅಧ್ಯಾಪಕರ ಅನುಪಾತದ ವಿಷಯಕ್ಕೆ ಬಂದರೆ, 15 ವಿದ್ಯಾರ್ಥಿಗಳಿಗೆ ಒಬ್ಬರೆಂದಿದ್ದ ನಿಯಮವನ್ನು 2018–19ರಲ್ಲಿ 20ಕ್ಕೆ ಒಬ್ಬರೆಂದು ಸಡಿಲಿಸಿದರು. 240 ವಿದ್ಯಾರ್ಥಿಗಳಿರುವ ವಿಭಾಗಕ್ಕೆ ನಿನ್ನೆಯವರೆಗೆ 16 ಅಧ್ಯಾಪಕರು ಬೇಕಿದ್ದರು, ಇವತ್ತು 12 ಸಾಕು. ಮಾನದಂಡ ಹೀಗೆ ಕೆಳಗಿಳಿದಾಗ ಕಾಲೇಜು ಏನನ್ನೂ ಮಾಡದೆ ಮಾನದಂಡಕ್ಕೆ ತಕ್ಕುದಾಗಿಬಿಡುತ್ತದೆ.

ಸಮಿತಿಯ ಭೇಟಿಯ ದಿನ ಲ್ಯಾಬಿನಲ್ಲಿ ನಡೆಯುವುದನ್ನು ಒಮ್ಮೆ ನೋಡಬೇಕು. ಕಬ್ಬಿಣದ ಸರಳನ್ನು ಎಳೆದು ತುಂಡರಿಸಿ ಅದರ ಬಲವನ್ನು ಅಳೆಯುವ ಯಂತ್ರದ ಮುಂದೆ ಸದಸ್ಯರು ನಿಲ್ಲುತ್ತಾರೆ, ಸ್ಟಾಕ್ ರಿಜಿಸ್ಟರ್ ತರಿಸುತ್ತಾರೆ, ಖರೀದಿಯ ಬಿಲ್ ನೋಡುತ್ತಾರೆ, ಟಿಕ್ ಹಾಕಿ ಮುಂದಕ್ಕೆ ಹೋಗುತ್ತಾರೆ. ಆ ಯಂತ್ರದಲ್ಲಿ ಒಂದು ಬ್ಯಾಚಿನ ಇಪ್ಪತ್ತು ಮಕ್ಕಳ ಪಾಲಿಗೆ ಒಂದೇ ಸರಳು ತುಂಡಾಗುತ್ತದೆ. ಇನ್‌ಸ್ಟ್ರಕ್ಟರ್ ಲಿವರ್ ತಿರುಗಿಸುತ್ತಾರೆ, ಮುಂದಿನ ಸಾಲಿನವರು ರೀಡಿಂಗ್ ಕೂಗಿ ಹೇಳುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ. ಇಪ್ಪತ್ತೂ ರೆಕಾರ್ಡ್ ಪುಸ್ತಕಗಳಲ್ಲಿ ಅದೇ ಅಂಕಿ, ಅದೇ ಗ್ರಾಫ್, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ರಿಜಿಸ್ಟರ್ ನೋಡಿದವರು ಪಕ್ಕದಲ್ಲೇ ಇರುವ ಎರಡು ರೆಕಾರ್ಡ್‌ಗಳನ್ನು ತೆರೆದು ನೋಡಿದ್ದರೆ ಸಾಕಿತ್ತು.

ಈ ದೋಷಕ್ಕೆ ಮದ್ದಾಗಿಯೇ ಫಲಿತಾಂಶ ಆಧಾರಿತ ಶಿಕ್ಷಣ ಬಂದಿತು. ಈ ಪದ್ಧತಿಯ ಆಧಾರದ ಮೇಲೆ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಗಳನ್ನು ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾಯಿತು. ಎನ್‌ಬಿಎ ಟಿಯರ್–1ರಲ್ಲಿ, ಅಂದರೆ ಪಠ್ಯ ರೂಪಿಸುವ ಸ್ವಾಯತ್ತತೆಯಿರುವ ಸಂಸ್ಥೆಗಳ ವರ್ಗದಲ್ಲಿ, ಮಾನ್ಯಗೊಳಿಸಿದ ಕೋರ್ಸುಗಳಿಗೆ ಮಾತ್ರ ಅದರ ಲಾಭವೆಂಬುದನ್ನು ಕಾಲೇಜುಗಳ ಜಾಹೀರಾತುಗಳು ಹೇಳುವುದಿಲ್ಲ, ಅದಿರಲಿ. ವಿದ್ಯಾರ್ಥಿ ಏನು ಕಲಿತ, ಪದವಿಯ ನಂತರ ಏನಾದ ಎಂಬುದನ್ನು ನೋಡಿ ಪಠ್ಯವನ್ನು ತಿದ್ದಬೇಕೆಂಬುದು ಫಲಿತಾಂಶ ಆಧಾರಿತ ಶಿಕ್ಷಣದ ತಿರುಳು, ಮತ್ತು ಆ ಆಲೋಚನೆಯ ಬಗ್ಗೆ ನನಗೆ ಗೌರವವಿದೆ. ಆದರೆ ವಿಟಿಯುವಿನಲ್ಲಿ 2018ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಓದಿದವರು ಪದವಿ ಪಡೆಯಬೇಕಾದದ್ದು 2022ರಲ್ಲಿ. ಅಷ್ಟರೊಳಗೆ 2021ರ ಸ್ಕೀಮ್ ಬಂದಾಗಿತ್ತು, ಅದರ ಬೆನ್ನಿಗೇ 2022ರದ್ದೂ ಬಂದಿತು. ಫಲಿತಾಂಶ ಕೈಸೇರುವ ಮೊದಲೇ ಪಠ್ಯ ಬದಲಾದರೆ ತಿದ್ದುಪಡಿಗೆ ಆಧಾರವೇನು? ಉಳಿದದ್ದು ಪ್ರತಿ ವಿಷಯದ ಕಲಿಕೆಯ ಗುರಿಗಳನ್ನು ಇಡೀ ಪದವಿಯ ಗುರಿಗಳಿಗೆ ಜೋಡಿಸುವ ಸಿಒ–ಪಿಒ ಕೋಷ್ಟಕಗಳನ್ನು ತುಂಬುವ ಕೆಲಸ. ಮಾನ್ಯತೆಯ ವರ್ಷದಲ್ಲಿ ಅಧ್ಯಾಪಕರು ಕೋರ್ಸ್ ಫೈಲ್ ಸಿದ್ಧಪಡಿಸುತ್ತ ಸಂಜೆ ಕಳೆಯುತ್ತಾರೆ, ಪಾಠದ ತಯಾರಿ ಹಿಂದೆ ಬೀಳುತ್ತದೆ.

ಈ ನಡುವೆ 2024–25ರಿಂದ ಅರ್ಹ ಕಾಲೇಜುಗಳಿಗೆ ಒಂದು ಶಾಖೆಯಲ್ಲಿ ಇಷ್ಟೇ ಸೀಟು ಎಂಬ ಮಿತಿಯನ್ನೂ ಎಐಸಿಟಿಇ ತೆಗೆದುಹಾಕಿದೆ. ಕಂಪ್ಯೂಟರ್ ವಿಭಾಗಗಳು ಉಬ್ಬಿದಂತೆಲ್ಲ ಕಲಿಕೆಯನ್ನು ನೇರವಾಗಿ ಪರೀಕ್ಷಿಸುವ ಅಗತ್ಯವೂ ಹೆಚ್ಚುತ್ತದೆ. ಸಮಿತಿಯವರು ಮುನ್ಸೂಚನೆಯಿಲ್ಲದೆ ಬರಲಿ. ಹಾಜರಿ ಪಟ್ಟಿಯಿಂದ ಹತ್ತು ಹೆಸರುಗಳನ್ನು ಚೀಟಿ ಎತ್ತಿ ಆರಿಸಲಿ. ಕಳೆದ ಸೆಮಿಸ್ಟರಿನ ಒಂದು ಪ್ರಯೋಗವನ್ನು ಪ್ರತಿಯೊಬ್ಬರೂ ಒಂಟಿಯಾಗಿ ಮಾಡಿ ತೋರಿಸಲಿ, ಮತ್ತು ಅದರ ಫಲಿತಾಂಶ ಕಾಲೇಜಿನ ಹೆಸರಿನೊಂದಿಗೆ ಸಿಇಟಿ ಆಯ್ಕೆಗೆ ಮೊದಲೇ ಪ್ರಕಟವಾಗಲಿ. ಇವತ್ತು ನಮ್ಮನ್ನು ಪರಿಶೀಲಿಸುವವರ ಕಾಲೇಜಿಗೆ ನಾಳೆ ನಮ್ಮವರೇ ಪರಿಶೀಲನೆಗೆ ಹೋಗುವಾಗ ಇಬ್ಬರ ವರದಿಯೂ ಮೆತ್ತಗಾಗುವುದು ಸಹಜ. ವಿಟಿಯುವಿಗೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು ಪ್ರಾದೇಶಿಕ ವಲಯಗಳಿವೆ. ಒಂದು ವಲಯದ ಪರೀಕ್ಷಕರನ್ನು ಇನ್ನೊಂದಕ್ಕೆ ಕಳುಹಿಸಿ, ಅವರ ವಸತಿ ಮತ್ತು ಭತ್ಯೆಯ ವೆಚ್ಚವನ್ನು ಕಾಲೇಜಿನ ಮೇಲೆ ಹೊರಿಸದೆ ವಿಶ್ವವಿದ್ಯಾಲಯವೇ ಭರಿಸಬೇಕು.