ರಿಪೀಟರ್‌ಗೆ ಇನ್ನೊಂದು ಟಾಕ್‌ಗ್ರೂಪ್ ಹಾಕಿ ಅನ್ನುವ ಮುನ್ನ

"ಇನ್ನೊಂದು ಟಾಕ್‌ಗ್ರೂಪ್ ತಾನೇ, ಸ್ಟ್ಯಾಟಿಕ್ ಹಾಕಿಬಿಡಿ, ಏನು ಖರ್ಚು?"

ಡಿಎಂಆರ್ (ಡಿಜಿಟಲ್ ಮೊಬೈಲ್ ರೇಡಿಯೋ) ರಿಪೀಟರ್, ಅಂದರೆ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಪ್ರಸಾರ ಮಾಡುವ ಯಂತ್ರ, ನೋಡಿಕೊಳ್ಳುವ ಯಾವ ಹ್ಯಾಮ್‌ನನ್ನು (ಹವ್ಯಾಸಿ ರೇಡಿಯೋದವರನ್ನು) ಬೇಕಾದರೂ ಕೇಳಿ, ಈ ಮಾತು ಅವರ ಕಿವಿಗೆ ಬೀಳದೆ ಇರುವುದಿಲ್ಲ. ಟಾಕ್‌ಗ್ರೂಪ್ ಅಂದರೆ ಒಂದು ನಂಬರಿನಡಿ ಮಾತಾಡುವ ಗುಂಪು, ಇಂಟರ್‌ನೆಟ್ ಮೂಲಕ ಬೇರೆ ರಿಪೀಟರುಗಳಿಗೂ ಹೋಗುತ್ತದೆ. ನೆಟ್‌ವರ್ಕಿನ ವೆಬ್ ಪುಟವಾದ ಡ್ಯಾಶ್‌ಬೋರ್ಡಿಗೆ ಹೋಗಿ ನಂಬರ್ ಹಾಕಿ ಸೇವ್ ಒತ್ತಿದರೆ ಆಯಿತು. ಕಾಸು ಬಿಚ್ಚಬೇಕಾಗಿಲ್ಲ, ಟವರ್ ಹತ್ತಬೇಕಾಗಿಲ್ಲ. ಆದರೂ ಖರ್ಚು ಇದೆ. ಅದನ್ನು ಕೇಳಿದವರು ಕೊಡುವುದಿಲ್ಲ, ಹಾಕಿದವರೂ ಕೊಡುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವಂತೆ ಮೂರನೆಯವರ ಲೆಕ್ಕಕ್ಕೆ ಬೀಳುತ್ತದೆ. ಬಿದ್ದದ್ದು ಅವರಿಗೆ ಗೊತ್ತೂ ಆಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಹೊಸಬರಿಗಾಗಿ ಎರಡು ಮಾತು. 2005ರಲ್ಲಿ ಯುರೋಪಿನ ಇಟಿಎಸ್‌ಐ ಸಂಸ್ಥೆ ಹೊರತಂದ ಡಿಎಂಆರ್ ಮಾನದಂಡ ಹ್ಯಾಮ್‌ಗಳಿಗಾಗಿ ಹುಟ್ಟಿದ್ದಲ್ಲ, ವ್ಯಾಪಾರಿ ಬಳಕೆಗೆ ಹುಟ್ಟಿದ್ದು. 12.5 ಕಿಲೋಹರ್ಟ್ಸ್ ಚಾನೆಲ್ ಒಂದನ್ನೇ ಸಮಯದಲ್ಲಿ ಸೀಳಿ, 30 ಮಿಲಿಸೆಕೆಂಡು ಒಬ್ಬರಿಗೆ, ಮುಂದಿನ 30 ಮಿಲಿಸೆಕೆಂಡು ಇನ್ನೊಬ್ಬರಿಗೆ ಎಂದು ಹಂಚುತ್ತದೆ. ಈ ಪಾಲುಗಳೇ ಸ್ಲಾಟ್. ಹಾಗಾಗಿ ಒಂದೇ ರಿಪೀಟರಿನಲ್ಲಿ ಏಕಕಾಲಕ್ಕೆ ಎರಡು ಮಾತುಕತೆ ನಡೆಯುತ್ತದೆ. ಎರಡೇ, ಮೂರನೆಯದಕ್ಕೆ ಜಾಗವಿಲ್ಲ. ಟಾಕ್‌ಗ್ರೂಪ್ ನಂಬರುಗಳೋ 24 ಬಿಟ್ಟಿನವು, ಲೆಕ್ಕ ಹಾಕಿದರೆ ಒಂದೂವರೆ ಕೋಟಿಗೂ ಹೆಚ್ಚು. ಇಷ್ಟೊಂದು ನಂಬರಿದೆ ಎಂದು ಕೈ ಬಿಚ್ಚಿ ಹಂಚುತ್ತೇವೆ, ಕೊನೆಗೆ ಎಲ್ಲವೂ ಬಂದು ಇಳಿಯಬೇಕಾದ ಸ್ಲಾಟ್ ಎರಡೇ ಎನ್ನುವುದು ಮರೆತುಹೋಗುತ್ತದೆ.

ಸ್ಟ್ಯಾಟಿಕ್ ಅಂದರೆ ಆ ಟಾಕ್‌ಗ್ರೂಪ್ ರಿಪೀಟರಿಗೆ ಸದಾ ಅಂಟಿಕೊಂಡಿರುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಅದರಲ್ಲಿ ಮಾತಾಡಿದರೂ ಈ ರಿಪೀಟರ್ ಎದ್ದು ಪ್ರಸಾರ ಮಾಡುತ್ತದೆ. ಡೈನಾಮಿಕ್ ಅಂದರೆ ಸ್ಥಳೀಯರೊಬ್ಬರು ಪಿಟಿಟಿ (ರೇಡಿಯೋದಲ್ಲಿ ಮಾತಾಡಲು ಒತ್ತುವ ಬಟನ್) ಒತ್ತಿದಾಗ ಮಾತ್ರ ಬಂದು, ಬಳಕೆ ನಿಂತ ಕೆಲವು ನಿಮಿಷಕ್ಕೆ ತಾನೇ ಕಳಚಿಕೊಳ್ಳುವುದು. ಇಷ್ಟು ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಈಗ ಒಂದು ಸಂಜೆ ಹೇಗಿರುತ್ತದೆ ನೋಡೋಣ. ಒಂದನೇ ಸ್ಲಾಟಿಗೆ ಬ್ರಾಂಡ್‌ಮೈಸ್ಟರ್ ಎಂಬ ಜಾಗತಿಕ ಡಿಎಂಆರ್ ನೆಟ್‌ವರ್ಕಿನ 91 ಹಾಕಿದ್ದಾರೆ, ಅದು ಇಡೀ ಪ್ರಪಂಚದ ಗುಂಪು. ಅದರ ಪಕ್ಕಕ್ಕೆ ದೇಶದ್ದೊಂದು, ಪ್ರಾಂತ್ಯದ್ದೊಂದು. ಮೂರೂ ಸ್ಟ್ಯಾಟಿಕ್. ಒಬ್ಬರು ಪ್ರಾಂತ್ಯದ ಗುಂಪಿಗೆ ತಿರುಗಿಸಿ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಕ್ಕ ಗುರುತು) ಹೇಳಿ ಯಾರಾದರೂ ಇದ್ದೀರಾ ಎಂದು ಕರೆಯುತ್ತಾರೆ. ಪಿಟಿಟಿ ಬಿಟ್ಟ ಮೇಲೆ ಹ್ಯಾಂಗ್ ಟೈಮ್ ಎಂಬ ಕೆಲವೇ ಸೆಕೆಂಡು ಸ್ಲಾಟ್ ಅವರ ಗುಂಪಿಗೇ ಮೀಸಲು. ಇನ್ನೊಂದು ರಿಪೀಟರಿನ ಕೆಳಗೆ ಕೂತವರು ಆ ಕರೆ ಕೇಳಿ, ಕೈಯಲ್ಲಿದ್ದ ಕೆಲಸ ಬಿಟ್ಟು ಮೈಕ್ ಎತ್ತಿಕೊಳ್ಳುವಷ್ಟರಲ್ಲಿ ಆ ಸೆಕೆಂಡುಗಳು ಕಳೆದಿರುತ್ತವೆ. ಅಷ್ಟರಲ್ಲಿ 91ರಲ್ಲಿ ಯಾರೋ ತಮ್ಮ ಹೊಸ ಆಂಟೆನಾ ವರ್ಣನೆ ಶುರು ಮಾಡಿರುತ್ತಾರೆ, ಸ್ಲಾಟ್ ಅವರ ಪಾಲು. ಉತ್ತರ ಬಂದಿದೆ, ನೆಟ್‌ವರ್ಕಿನ ಸರ್ವರಿನ ತನಕ ಸರಿಯಾಗಿಯೇ ಬಂದಿದೆ. ಆದರೆ ಈ ರಿಪೀಟರಿನ ಸ್ಲಾಟ್ ಖಾಲಿ ಇಲ್ಲವಲ್ಲ, ಅಲ್ಲಿಗೇ ನಿಂತುಹೋಯಿತು. ಕರೆದವರು "ಯಾರೂ ಇಲ್ಲ" ಎಂದು ರೇಡಿಯೋ ಆರಿಸುತ್ತಾರೆ. ಉತ್ತರ ಕೊಟ್ಟವರು "ಕರೆದು ಓಡಿಹೋದರು" ಅಂದುಕೊಳ್ಳುತ್ತಾರೆ. ಇಬ್ಬರೂ ಇದ್ದರು. ಡ್ಯಾಶ್‌ಬೋರ್ಡಿನಲ್ಲಿ ಇಬ್ಬರ ಕಾಲ್‌ಸೈನೂ ಒಂದರ ಕೆಳಗೊಂದು ಕಾಣುತ್ತದೆ. ಎಲ್ಲೂ ತಪ್ಪು ಸಂದೇಶ ಬಂದಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ.

ಅನಲಾಗ್‌ನಲ್ಲಿ ಹೀಗಾಗುತ್ತಿರಲಿಲ್ಲ. ಅಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕಿವಿಗೆ ಕೇಳಿಸುತ್ತಿತ್ತು, ಬೈದುಕೊಂಡಾದರೂ ಕಾಯುತ್ತಿದ್ದೆವು. ಇಲ್ಲಿ ಯಾವ ಗುಂಪು ಕೇಳಿಸಬೇಕು ಎಂದು ಹೇಳುವ ರೇಡಿಯೋದ ರಿಸೀವ್ ಗ್ರೂಪ್ ಲಿಸ್ಟಿನಲ್ಲಿ ಇಲ್ಲದ ಟಾಕ್‌ಗ್ರೂಪ್ ಬಂದರೆ ದೀಪ ಹತ್ತುತ್ತದೆ, ಸದ್ದಿಲ್ಲ. ಪಿಟಿಟಿ ಒತ್ತಿದರೆ, ಸ್ಲಾಟ್ ಖಾಲಿ ಇದ್ದರೆ ಮಾತ್ರ ಬಿಡು ಎಂದು ಸೆಟ್ ಮಾಡಿದ್ದರೆ, ಒಂದು ಒರಟು ಟೋನ್ ಕೊಟ್ಟು ನಿರಾಕರಿಸುತ್ತದೆ. ಹೊಸಬರು ರೇಡಿಯೋ ಕೆಟ್ಟಿದೆ ಅಂದುಕೊಂಡು ಕೋಡ್‌ಪ್ಲಗ್ (ರೇಡಿಯೋದ ಸೆಟ್ಟಿಂಗ್ ಫೈಲ್) ಮೇಲೆ ಕೋಡ್‌ಪ್ಲಗ್ ಬದಲಾಯಿಸುತ್ತಾ ಕೂರುತ್ತಾರೆ. ಅವರಿಗೆ ಮೊದಲು ಕಲಿಸಬೇಕಾದ್ದು ಡಿಜಿಟಲ್ ಮಾನಿಟರ್ ಬಟನ್. ಅದನ್ನು ಒತ್ತಿದರೆ ಸ್ಲಾಟಿನಲ್ಲಿ ಏನು ಹರಿಯುತ್ತಿದೆಯೋ ಅದು ಕೇಳಿಸುತ್ತದೆ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಹಾಗಾಗಿ ನನ್ನ ನಿಲುವು ಬಿಗಿ. ಒಂದು ಸ್ಲಾಟಿಗೆ ಒಂದು ಸ್ಟ್ಯಾಟಿಕ್ ಸಾಕು, ಮಾತು ಕಡಿಮೆ ಇರುವ ಕಡೆ ಎರಡು ಇರಲಿ. ಇನ್ನೊಂದು ಸ್ಲಾಟ್ ಸ್ಥಳೀಯರದ್ದು, ಅದಕ್ಕೆ ಹೊರಗಿನ ಯಾವ ದೊಡ್ಡ ಗುಂಪನ್ನೂ ಅಂಟಿಸಬಾರದು. ಯಾವ ಸ್ಲಾಟ್ ಯಾವುದಕ್ಕೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಅದರ ಬಗ್ಗೆ ಜಗಳವಾಡುವುದು ದಂಡ. ಆದರೆ ಅಕ್ಕಪಕ್ಕದ ರಿಪೀಟರುಗಳೆಲ್ಲ ಒಂದೇ ಕ್ರಮ ಇಟ್ಟುಕೊಳ್ಳಲಿ, ಇಲ್ಲದಿದ್ದರೆ ಗಾಡಿಯಲ್ಲಿ ಹೋಗುವವರು ಪ್ರತಿ ಗುಡ್ಡ ದಾಟಿದ ಮೇಲೂ ಚಾನೆಲ್ ಹುಡುಕಬೇಕಾಗುತ್ತದೆ. ಅದೇ ಟಾಕ್‌ಗ್ರೂಪನ್ನು ಎರಡೂ ಸ್ಲಾಟಿಗೆ ಹಾಕುವವರೂ ಇದ್ದಾರೆ. ಯಾಕೆ ಅಂತ ಕೇಳಿದರೆ ಇದುವರೆಗೂ ನನಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ.

ವಾರಕ್ಕೊಮ್ಮೆ ನಡೆಯುವ ನೆಟ್ (ಗೊತ್ತಾದ ಹೊತ್ತಿಗೆ ಎಲ್ಲರೂ ಸೇರುವ ರೇಡಿಯೋ ಸಭೆ) ಇದೆ, ಅದಕ್ಕಾಗಿ ಸ್ಟ್ಯಾಟಿಕ್ ಬೇಕು ಅನ್ನುತ್ತಾರೆ. ಒಂದು ಗಂಟೆಯ ನೆಟ್‌ಗೆ ವಾರದ ಉಳಿದ 167 ಗಂಟೆ ಯಾಕೆ ಬರೆದುಕೊಡಬೇಕು? ಬ್ರಾಂಡ್‌ಮೈಸ್ಟರ್‌ನಲ್ಲಿ ದಿನ, ಸಮಯ ಹಾಕಿ ಆ ಹೊತ್ತಿಗೆ ಮಾತ್ರ ಸ್ಟ್ಯಾಟಿಕ್ ಮಾಡುವ ವ್ಯವಸ್ಥೆ ಇದೆ. ಇದನ್ನು ಬಳಸುವವರು ಕಡಿಮೆ. ಇದೆ ಅಂತಲೇ ಗೊತ್ತಿಲ್ಲದ ರಿಪೀಟರ್ ಮಾಲೀಕರೂ ಇದ್ದಾರೆ.

ಹಂಚಿಕೊಂಡ ದೊಡ್ಡ ಗುಂಪಿನಲ್ಲಿ ಒಬ್ಬರು ಪಿಟಿಟಿ ಒತ್ತಿದರೆ ಎಷ್ಟು ಟ್ರಾನ್ಸ್‌ಮಿಟರ್ ಏಳುತ್ತವೆ ಎಂದು ಯೋಚಿಸಿ. ಆ ಗುಂಪನ್ನು ಸ್ಟ್ಯಾಟಿಕ್ ಇಟ್ಟ ಪ್ರತಿಯೊಂದೂ ಏಳುತ್ತದೆ. ಹೊಸ ರೇಡಿಯೋ ಸರಿ ಇದೆಯೋ ಇಲ್ಲವೋ ನೋಡಲು ಮಾತಿಲ್ಲದೆ ಟಕ್ ಎಂದು ಒತ್ತಿ ಬಿಟ್ಟರೂ ಏಳುತ್ತದೆ. ಪರೀಕ್ಷೆಗೆಂದೇ 9990 ಇದೆ, ನಿಮ್ಮ ದನಿಯನ್ನೇ ನಿಮಗೆ ವಾಪಸ್ ಕೇಳಿಸುತ್ತದೆ. ಅಲ್ಲಿ ಎಷ್ಟು ಬೇಕಾದರೂ ಒತ್ತಿ. ಇನ್ನು 91ರಂಥ ಗುಂಪು ಭೇಟಿಯಾಗುವುದಕ್ಕೆ, ಅಲ್ಲೇ ಬಿಡಾರ ಹೂಡುವುದಕ್ಕಲ್ಲ. ಪರಿಚಯವಾಯಿತೇ, ಮಾತು ಉದ್ದವಾಗುತ್ತದೆ ಅನ್ನಿಸಿತೇ, ಬೇರೆ ನಂಬರಿಗೆ ಹೋಗಿ. ಮಾತು ಮಾತಿನ ನಡುವೆ ಒಂದೆರಡು ಸೆಕೆಂಡು ಬಿಡಿ. ಒಂದೇ ಸಮನೆ ಮಾತಾಡುವುದನ್ನು ಕಡಿಯುವ ಟೈಮ್-ಔಟ್ ಟೈಮರ್ 180 ಸೆಕೆಂಡು ಇಟ್ಟಿದ್ದಾರೆ ಅಂದರೆ 179 ಸೆಕೆಂಡು ಮಾತಾಡಲೇಬೇಕು ಅಂತಲ್ಲ!

ಒಂದು ಗುಂಪನ್ನು ಇನ್ನೊಂದಕ್ಕೆ ಜೋಡಿಸುವ ಬ್ರಿಡ್ಜ್‌ಗಳ ವಿಷಯ ಇನ್ನೂ ಸೂಕ್ಷ್ಮ. ಡಿಎಂಆರ್ ಗುಂಪನ್ನು ಯಾಯೆಸು ಕಂಪನಿಯ ಫ್ಯೂಷನ್ ಕೊಠಡಿಗೆ, ಅದನ್ನು ಡಿ-ಸ್ಟಾರ್ ರಿಫ್ಲೆಕ್ಟರಿಗೆ (ಇವು ಬೇರೆ ಡಿಜಿಟಲ್ ರೇಡಿಯೋ ಪದ್ಧತಿಗಳ ಗುಂಪುಗಳು) ಜೋಡಿಸುವುದು ಒಳ್ಳೆಯ ಕೆಲಸವೇ, ರೇಡಿಯೋ ಬ್ರ್ಯಾಂಡ್ ನೋಡಿ ಗೆಳೆತನ ಮಾಡಬಾರದಲ್ಲ. ಆದರೆ ದನಿಯನ್ನು ಡಿಜಿಟಲ್ ಸಂಕೇತವಾಗಿಸುವ ವೋಕೋಡರ್ ಡಿ-ಸ್ಟಾರ್‌ನದ್ದು ಬೇರೆ, ಡಿಎಂಆರ್‌ನದ್ದು ಬೇರೆ. ದನಿಯನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು, ಅದರಲ್ಲಿ ಗುಣಮಟ್ಟ ಸ್ವಲ್ಪ ಹೋಗುತ್ತದೆ. ಅದನ್ನು ಸಹಿಸಬಹುದು. ಸಹಿಸಲಾಗದ್ದು, ಇಬ್ಬರು ಪರಸ್ಪರ ಹೇಳದೆ ಅದೇ ಎರಡು ಗುಂಪುಗಳ ನಡುವೆ ಎರಡು ಬ್ರಿಡ್ಜ್ ಕಟ್ಟುವುದು. ಒಂದರಿಂದ ಹೋದದ್ದು ಇನ್ನೊಂದರಿಂದ ಮರಳಿ ಬರುತ್ತದೆ, ಮತ್ತೆ ಹೋಗುತ್ತದೆ, ಯಾರೋ ತಂತಿ ಕೀಳುವ ತನಕ ಸುತ್ತುತ್ತಲೇ ಇರುತ್ತದೆ. ಹಂಚಿಕೊಂಡ ಗುಂಪಿಗೆ ಬ್ರಿಡ್ಜ್ ಹಾಕುವ ಅಧಿಕಾರ ಒಬ್ಬರ ಕೈಯಲ್ಲಿರಲಿ, ಅವರು ಊಟಕ್ಕೆ ಕೂತಾಗಲೂ ಫೋನ್ ಎತ್ತುವವರಾಗಿರಲಿ.

ಕೆಲವರು ಹೇಳುತ್ತಾರೆ, ಇಷ್ಟೆಲ್ಲ ತಲೆನೋವು ಯಾಕೆ, ಎಲ್ಲರೂ ಹಾಟ್‌ಸ್ಪಾಟ್ (ಮನೆಯ ಇಂಟರ್‌ನೆಟ್‌ಗೆ ಜೋಡಿಸುವ ಪುಟ್ಟ ರೇಡಿಯೋ ಪೆಟ್ಟಿಗೆ) ಇಟ್ಟುಕೊಳ್ಳಲಿ, ತಮಗೆ ಬೇಕಾದ್ದು ಕೇಳಲಿ ಎಂದು. ದಿನವಿಡೀ 91 ಕೇಳಬೇಕೆನ್ನುವವರಿಗೆ ಅದೇ ಸರಿಯಾದ ದಾರಿ, ನಾನೂ ಅದನ್ನೇ ಹೇಳುತ್ತೇನೆ. ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆ ಹತ್ತಿಪ್ಪತ್ತು ಮಿಲಿವ್ಯಾಟ್‌ನಲ್ಲಿ ಅವರೊಬ್ಬರಿಗಾಗಿ ಪ್ರಸಾರ ಮಾಡುತ್ತದೆ, ಯಾರ ಸ್ಲಾಟೂ ಹೋಗುವುದಿಲ್ಲ. ಆದರೆ ಅದನ್ನು ರಿಪೀಟರಿಗೆ ಬದಲಿ ಅನ್ನುವುದನ್ನು ಒಪ್ಪಲಾರೆ. ಹಾಟ್‌ಸ್ಪಾಟ್ ನಿಮ್ಮನ್ನು ದೂರದವರ ಜೊತೆ ಸೇರಿಸುತ್ತದೆ, ಪಕ್ಕದ ಬೀದಿಯ ಹ್ಯಾಮ್ ಸಿಗುವುದು ರಿಪೀಟರಿನಲ್ಲಿ. ಇಂಟರ್‌ನೆಟ್ ಹೋದ ದಿನ ಎಲ್ಲ ಟಾಕ್‌ಗ್ರೂಪೂ ಹೋಗುತ್ತವೆ, ರಿಪೀಟರಿಗೆ ಕರೆಂಟ್ ಇದ್ದರೆ ಸ್ಥಳೀಯ ಟಾಕ್‌ಗ್ರೂಪ್ ಆದ 9 ಮಾತ್ರ ಉಳಿಯುತ್ತದೆ. ಆ ದಿನ ಅದರಲ್ಲಿ ಯಾರಾದರೂ ಇರಬೇಕಾದರೆ ಉಳಿದ ದಿನಗಳಲ್ಲೂ ಅದನ್ನು ಬಳಸುವ ಅಭ್ಯಾಸ ಇರಬೇಕು.

ನಿರ್ಧಾರ ಯಾರದ್ದು? ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ, ಪ್ರಸಾರಕ್ಕೆ ಯಾರು ಹೊಣೆಯೋ, ಕೊನೆಯ ಮಾತು ಅವರದ್ದು. ಮತ ಹಾಕಿ ಟಾಕ್‌ಗ್ರೂಪ್ ಆರಿಸುವುದರಲ್ಲಿ ನನಗೆ ನಂಬಿಕೆ ಇಲ್ಲ, ಕೈ ಎತ್ತುವವರಲ್ಲಿ ಅರ್ಧ ಜನ ಆ ರಿಪೀಟರಿನ ವ್ಯಾಪ್ತಿಯಲ್ಲೇ ಇರುವುದಿಲ್ಲ. ಆದರೆ ಮಾಲೀಕರು ರಾತ್ರೋರಾತ್ರಿ ಪಟ್ಟಿ ಬದಲಾಯಿಸಿ ಸುಮ್ಮನಿರುವುದೂ ಸರಿಯಲ್ಲ. ಯಾವ ಸ್ಲಾಟಿನಲ್ಲಿ ಏನಿದೆ, ಯಾಕಿದೆ, ಯಾವಾಗಿನಿಂದ ಎಂದು ಮೂರು ಸಾಲು ಬರೆದು ಎಲ್ಲರಿಗೂ ಸಿಗುವಂತೆ ಇಡಲಿ. ತೆಗೆಯುವ ಮುನ್ನ ಒಂದು ವಾರದ ಸೂಚನೆ ಕೊಡಲಿ.

91 ತೆಗೆದರೆ ಬೇಸರ ಮಾಡಿಕೊಳ್ಳುವವರಿಗೆ: ಅದು ಎಲ್ಲಿಗೂ ಹೋಗಿರುವುದಿಲ್ಲ. ಮೊದಲು ಸ್ಲಾಟ್ ಖಾಲಿ ಇದೆಯೇ ಕೇಳಿ, ಚಾನೆಲ್ ತಿರುಗಿಸಿ, ಕಾಲ್‌ಸೈನ್ ಹೇಳಿ ಒಮ್ಮೆ ಪಿಟಿಟಿ ಒತ್ತಿದರೆ ಬರುತ್ತದೆ. ಮಾತು ಮುಗಿದ ಮೇಲೆ ಸಂಪರ್ಕ ಬಿಡಿಸುವ ನಂಬರಾದ 4000ಕ್ಕೆ ಹೋಗಿ ಒಮ್ಮೆ ಪಿಟಿಟಿ ಒತ್ತಿ ಬಿಡಿಸಿ. ಮರೆತರೂ ಪರವಾಗಿಲ್ಲ, ಕೆಲವು ನಿಮಿಷದಲ್ಲಿ ನೆಟ್‌ವರ್ಕೇ ಬಿಡಿಸುತ್ತದೆ.