ಸ್ಪಷ್ಟನೆ: ಉದ್ದನೆಯ ಡ್ಯಾಶ್ ಯಂತ್ರದ ಗುರುತಲ್ಲ

ಇಂಗ್ಲಿಷ್ ಬರಹದಲ್ಲಿ ಡ್ಯಾಶ್ ಎಂಬ ಉದ್ದನೆಯ ಅಡ್ಡಗೆರೆ (—) ಕಂಡರೆ ಅದು ಕೃತಕ ಬುದ್ಧಿಮತ್ತೆಯದೇ ಬರಹ, ಮನುಷ್ಯರು ಬಳಸುವುದು ಹೈಫನ್ ಎಂಬ ಗಿಡ್ಡ ಗೆರೆ (-) ಮಾತ್ರ ಎಂಬ ಸಂದೇಶವೊಂದು ಚಿಕ್ಕಮಗಳೂರಿನ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ (1830–1886) ಅವರ ಹಸ್ತಪ್ರತಿಗಳ ತುಂಬ ಡ್ಯಾಶ್‌ಗಳೇ ಇವೆ. ಟೈಪ್‌ರೈಟರಿನಲ್ಲಿ ಡ್ಯಾಶ್‌ಗೆ ಪ್ರತ್ಯೇಕ ಕೀಲಿ ಇಲ್ಲದ್ದರಿಂದ ಬೆರಳಚ್ಚುಗಾರರು ಎರಡು ಹೈಫನ್ ಒತ್ತುತ್ತಿದ್ದರು. ಇಂದು ಹಾಗೆಯೇ ಒತ್ತಿದರೆ ಮೈಕ್ರೋಸಾಫ್ಟ್ ವರ್ಡ್ ಅದನ್ನು ತಾನಾಗಿಯೇ ಉದ್ದಗೆರೆಯಾಗಿ ಮಾರ್ಪಡಿಸುತ್ತದೆ. ಅಂದರೆ ಬರಹವನ್ನು ಬೆರಳಚ್ಚು ಮಾಡಿದವರಿಗೆ ಆ ಗೆರೆ ಮೂಡಿದ್ದೇ ಗೊತ್ತಿಲ್ಲದಿರಬಹುದು.

ಹೈಫನ್ ಮತ್ತು ಡ್ಯಾಶ್‌ಗಳ ಕೆಲಸ ಒಂದೇ ಎಂಬ ಮಾತೂ ಅದೇ ಸಂದೇಶದಲ್ಲಿದೆ. ಅದೂ ತಪ್ಪು. ಹೈಫನ್ (-) ಪದಗಳನ್ನು ಬೆಸೆಯುತ್ತದೆ: ‘ಸ್ಮಾಲ್-ಎಸ್ಟೇಟ್ ಓನರ್’ ಎಂದರೆ ಸಣ್ಣ ತೋಟದ ಮಾಲೀಕ, ಹೈಫನ್ ಬಿಟ್ಟರೆ ಮಾಲೀಕನೇ ಕುಳ್ಳನಾಗಿಬಿಡುವ ಅಪಾಯವಿದೆ. ಎನ್ ಡ್ಯಾಶ್ (–) ‘ಇಂದ–ವರೆಗೆ’ ಎಂಬ ಅರ್ಥದಲ್ಲಿ ಇಸವಿಗಳ ನಡುವೆ, ಪುಟಸಂಖ್ಯೆಗಳ ನಡುವೆ, ಹಾಸನ–ಮಂಗಳೂರು ರೈಲುಮಾರ್ಗದಂತಹ ಕಡೆಗಳಲ್ಲಿ ಬರುತ್ತದೆ. ಎಮ್ ಡ್ಯಾಶ್ (—) ವಾಕ್ಯವನ್ನು ನಡುವೆ ತಡೆದು ಇನ್ನೊಂದು ಮಾತನ್ನು ಸೇರಿಸುತ್ತದೆ. ಅಮೆರಿಕದ ಪ್ರಕಾಶಕರು ಇದರ ಅಕ್ಕಪಕ್ಕ ಸಾಮಾನ್ಯವಾಗಿ ಜಾಗ ಬಿಡುವುದಿಲ್ಲ. ಬ್ರಿಟನ್ನಿನ ಹಲವರು ಇದರ ಬದಲಿಗೆ ಎರಡೂ ಕಡೆ ಜಾಗ ಬಿಟ್ಟು ಎನ್ ಡ್ಯಾಶನ್ನೇ ಹಾಕುತ್ತಾರೆ. ಎರಡೂ ಕ್ರಮಗಳು ಸರಿಯಾದವೇ ಆಗಿರುವುದರಿಂದ, ಮಕ್ಕಳ ಪ್ರಬಂಧದಲ್ಲಿ ಈ ಗೆರೆಯೊಂದನ್ನೇ ನೋಡಿ ಅಂಕ ಕಡಿತಗೊಳಿಸುವುದು ನ್ಯಾಯವಲ್ಲ.